ಒಡೆತನದ ನ್ಯಾಯ: ಹೊಸೂರು ಗಡಿಯ ನಿದರ್ಶನ

ಎಡಪಂಥವು ಸಮಾನತೆಯ ಪರ, ಬಲಪಂಥವು ಆಸ್ತಿಯ ಪರ ಎಂಬ ವಿಂಗಡಣೆ ರಾಜಕೀಯ ಚರ್ಚೆಗಳಲ್ಲಿ ರೂಢವಾಗಿದೆ. ಹೊಸೂರು–ಕೃಷ್ಣಗಿರಿ ಸೀಮೆಯ ಇತಿಹಾಸಕ್ಕೆ ಈ ವಿಂಗಡಣೆ ಸಾಲದು. ಆಸ್ತಿ ಬೇಕೋ ಬೇಡವೋ ಎಂಬುದಕ್ಕಿಂತ ಯಾವ ಒಡೆತನ ನ್ಯಾಯಬದ್ಧ, ಅನ್ಯಾಯದ ಮೂಲ ಯಾವುದು ಎಂಬ ವಿಷಯದಲ್ಲಿಯೇ ಇಲ್ಲಿ ಸಿದ್ಧಾಂತಗಳು ಬೇರೆಯಾಗಿವೆ.

ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿದ ರಾಜಾಜಿಯವರ ನೇತೃತ್ವದ ಮದ್ರಾಸ್ ಸರ್ಕಾರವು 1938ರಲ್ಲಿ ಕೃಷಿಕರ ಸಾಲ ಪರಿಹಾರ ಕಾಯಿದೆಯನ್ನು ತಂದಿತು. ಹಳೆಯ ಸಾಲಗಳ ಬಾಕಿ ಬಡ್ಡಿಯನ್ನು ಅದು ರದ್ದುಗೊಳಿಸಿತು. ಅಸಲಿನ ಎರಡರಷ್ಟು ಸಂದಾಯವಾಗಿದ್ದರೆ ಸಾಲವೇ ತೀರಿತೆಂದು ಪರಿಗಣಿಸಿತು. ಸಾಲಪತ್ರವೂ ಒಂದು ಆಸ್ತಿಯೇ. ಹೀಗಿದ್ದೂ 1959ರಲ್ಲಿ ಕಾಂಗ್ರೆಸ್ಸಿನ ನಾಗಪುರ ಅಧಿವೇಶನವು ಸಹಕಾರಿ ಜಂಟಿ ಬೇಸಾಯದ ನಿರ್ಣಯ ಕೈಗೊಂಡಾಗ ರಾಜಾಜಿ ಅದನ್ನು ವಿರೋಧಿಸಿ ಸ್ವತಂತ್ರ ಪಕ್ಷವನ್ನು ಕಟ್ಟಿದರು. ಮೊದಲ ಸಂದರ್ಭದಲ್ಲಿ ರೈತನಿಗೆ ಅಪಾಯವಿದ್ದದ್ದು ಸಾಹುಕಾರನಿಂದ. ಎರಡನೆಯದರಲ್ಲಿ ಅವರು ಅಪಾಯ ಕಂಡದ್ದು ಪ್ರಭುತ್ವದಲ್ಲಿ. ಎರಡೂ ಕಡೆ ಅವರು ಕಾಯಲು ಹೊರಟದ್ದು ಸ್ವಂತ ಭೂಮಿಯ ರೈತನನ್ನು.

ಅವರ ಮಿತ್ರರೂ ಸೈದ್ಧಾಂತಿಕ ಎದುರಾಳಿಯೂ ಆಗಿದ್ದ, ಕನ್ನಡ ಮನೆಮಾತಿನ ಪೆರಿಯಾರ್ 1932ರಲ್ಲಿ ಸೋವಿಯತ್ ಒಕ್ಕೂಟದಿಂದ ಮರಳಿದ ಬಳಿಕ ಸಮಧರ್ಮವನ್ನು ಪ್ರತಿಪಾದಿಸಿದರು. ಹುಟ್ಟಿನಿಂದ ಬಂದ ಮೇಲುಕೀಳು ಅಳಿಯದೆ ಆರ್ಥಿಕ ಸಮಾನತೆ ನಿಲ್ಲದೆಂಬುದು ಅವರ ನಿಲುವು. ಅನ್ಯಾಯದ ಮೂಲವನ್ನು ಅವರು ಗುರುತಿಸಿದ್ದು ಜಾತಿಯಲ್ಲಿ.

ಇಂಥ ನಿಲುವುಗಳು ಬೇಸಾಯಗಾರನನ್ನು ತಲುಪುವುದು ಕಾಯಿದೆಗಳ ಮೂಲಕ. ರಾಜ್ಯ ಪುನರ್ವಿಂಗಡಣೆಯ ಬಳಿಕವೂ ಹೊಸೂರು ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ಅಲ್ಲಿನ 1955 ಮತ್ತು 1956ರ ಕಾಯಿದೆಗಳು ಗೇಣಿದಾರನಿಗೆ ಒಕ್ಕಲೆಬ್ಬಿಸುವಿಕೆಯಿಂದ ರಕ್ಷಣೆ ನೀಡಿ, ಗೇಣಿಗೆ ಮಿತಿ ಹಾಕಿದವು. ಒಡೆತನವು ಮಾಲೀಕನಲ್ಲೇ ಉಳಿಯಿತು. ಗಡಿಯಾಚೆಯ ಆನೇಕಲ್ಲಿನಲ್ಲಿ ಕರ್ನಾಟಕದ ತಿದ್ದುಪಡಿ ಕಾಯಿದೆಯನ್ವಯ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದ ವಶಕ್ಕೆ ಸೇರಿ, ಉಳುವವನು ಭೂನ್ಯಾಯಮಂಡಳಿಯ ಮುಂದೆ ಹಕ್ಕು ಕೋರುವಂತಾಯಿತು. ಎರಡೂ ಕಾಂಗ್ರೆಸ್ ಸರ್ಕಾರಗಳ ಕಾಯಿದೆಗಳೇ. ಮದ್ರಾಸು ನ್ಯಾಯವೆಂದದ್ದು ಗೇಣಿಯ ಭದ್ರತೆಯನ್ನು, ಕರ್ನಾಟಕ ಒಡೆತನದ ವರ್ಗಾವಣೆಯನ್ನು. ಒಂದೇ ಮಾತನಾಡುವ ಗೇಣಿದಾರರಿಗೆ ದೊರೆತದ್ದು ಎರಡು ಬಗೆಯ ನ್ಯಾಯ.

ಕೈಗಾರಿಕೆ ಬೆಳೆದಂತೆ ಪ್ರಶ್ನೆಯ ರೂಪ ಬದಲಾಗಿದೆ. 2013ರ ಕೇಂದ್ರ ಭೂಸ್ವಾಧೀನ ಕಾಯಿದೆಯು ಖಾಸಗಿ ಕಂಪನಿಗಳಿಗಾಗಿ ಭೂಮಿ ಪಡೆಯಲು ಭೂಮಿಯ ಒಡೆತನವುಳ್ಳ ಬಾಧಿತ ಕುಟುಂಬಗಳಲ್ಲಿ ಶೇ. 80ರಷ್ಟರ ಸಮ್ಮತಿಯನ್ನು ಬಯಸುತ್ತದೆ. ಆ ಭೂಮಿಯನ್ನೇ ನೆಚ್ಚಿದ ಗೇಣಿದಾರರನ್ನೂ ಕೃಷಿ ಕೂಲಿಗಳನ್ನೂ ಬಾಧಿತರೆಂದು ಪರಿಗಣಿಸುತ್ತದೆ. ಪ್ರಭುತ್ವವನ್ನು ಶಂಕಿಸುವ ರಾಜಾಜಿ ಮಾದರಿಯ ವಾದವೂ, ದುಡಿಮೆಯಿಂದ ಹಕ್ಕು ಹುಟ್ಟುವುದೆಂಬ ಎಡಪಂಥೀಯ ವಾದವೂ ಅಲ್ಲಿ ಜೊತೆಗೂಡಿವೆ. ಆದರೆ ತಮಿಳುನಾಡು ಕೈಗಾರಿಕೆಗಾಗಿನ ತನ್ನ 1997ರ ಭೂಸ್ವಾಧೀನ ಕಾಯಿದೆಯನ್ನು 2019ರಲ್ಲಿ ಮರುಜಾರಿಗೊಳಿಸಿತು. ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆ ಕಾಯಿದೆಯಲ್ಲಿ ಅಂಥ ಸಮ್ಮತಿಯ ನಿಬಂಧನೆಯಿಲ್ಲ. ಹೀಗಾಗಿ ಪಟ್ಟಾ ಹೊಂದಿದವನಿಗೂ ಅವನ ಹೊಲದಲ್ಲಿ ದುಡಿಯುವವನಿಗೂ ಇಲ್ಲಿ ಪರಿಹಾರದ ಹಕ್ಕು ದೊರೆತರೂ ಬೇಡವೆನ್ನುವ ಹಕ್ಕು ದೊರೆಯುವುದಿಲ್ಲ.