ಸ್ಕ್ಯಾನರ್ ಕಿತ್ತರೆ ಲೆಕ್ಕ ತಪ್ಪೀತೇ?

ಬಸ್ಸು ಬಿಡಲು ಇನ್ನು ಐದೇ ನಿಮಿಷ. ನಿಲ್ದಾಣದ ಎದುರಿನ ಅಂಗಡಿಯಲ್ಲಿ ಚಹಾ ಕುಡಿದ ಗಿರಾಕಿ ಜೇಬಿನಿಂದ ಮೊಬೈಲ್ ತೆಗೆದು ಗೋಡೆಯ ಕಡೆ ಹಿಡಿದರೆ ಅಲ್ಲಿ ಚೀಟಿಯೇ ಇಲ್ಲ! ಅಂಟು ಕಿತ್ತ ಗುರುತು ಮಾತ್ರ.

“ಯಾಕ್ರೀ, ಸ್ಕ್ಯಾನರ್ ಎಲ್ಲಿ ಹೋತು?”

“ತಗದ್ವಿರಿ. ರೊಕ್ಕ ಇದ್ರ ಕೊಡ್ರಿ.”

“ಐನೂರರ ನೋಟ್ ಐತಿ.”

“ಚಿಲ್ಲರ ಇಲ್ರಿ. ನಾಳೆ ಬಂದಾಗ ಕೊಡ್ರಿ. ಬಸ್ ತಪ್ಪಿಸ್ಕೋಬ್ಯಾಡ್ರಿ.”

2025ರ ಜುಲೈ ತಿಂಗಳಲ್ಲಿ ರಾಜ್ಯದ ಎಷ್ಟೋ ಊರುಗಳಲ್ಲಿ ಇಂಥ ಮಾತುಕತೆ ನಡೆಯಿತು. ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಎದ್ದವು. ಕಾರಣ ಎಲ್ಲರಿಗೂ ಗೊತ್ತಿರುವುದೇ. ವಾಣಿಜ್ಯ ತೆರಿಗೆ ಇಲಾಖೆಯವರು 2021-22ರಿಂದ 2024-25ರವರೆಗೆ ಮೊಬೈಲಿನಲ್ಲಿ ಸಂದಾಯವಾದ ಹಣದ ಲೆಕ್ಕವನ್ನು ತರಿಸಿಕೊಂಡು, ನೋಂದಣಿ ಮಾಡಿಸದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ್ದರು. ಬೇಕರಿ, ಬೀಡಾ ಅಂಗಡಿ, ಹಾಲಿನ ಅಂಗಡಿ ಯಾವುದನ್ನೂ ಬಿಟ್ಟಿರಲಿಲ್ಲ.

ಆ ಗದ್ದಲದಲ್ಲಿ ರಾಜ್ಯಕ್ಕೆಲ್ಲ ಸುದ್ದಿಯಾದದ್ದು ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಯ ನೋಟಿಸು. ನಾಲ್ಕು ವರ್ಷಗಳಲ್ಲಿ ಬಂದ ಹಣ 1 ಕೋಟಿ 63 ಲಕ್ಷ ರೂಪಾಯಿ. ಕಟ್ಟಬೇಕೆಂದು ಕೇಳಿದ ತೆರಿಗೆ ಸುಮಾರು 29 ಲಕ್ಷ! ತಕ್ಕಡಿ ಹಿಡಿದು ಬದನೆಕಾಯಿ ತೂಗುವ ಮನುಷ್ಯ 29 ಲಕ್ಷ ಎಲ್ಲಿಂದ ತಂದಾನು? ಸಂತೆಯಲ್ಲಿ, ಬಸ್ಸಿನಲ್ಲಿ, ಕಟಿಂಗ್ ಅಂಗಡಿಯಲ್ಲಿ ಅದೇ ಮಾತು.

ದೊಡ್ಡ ಅಂಕಿ, ಸಣ್ಣ ಅಂಗಡಿ

ಒಂದು ಕೋಟಿ ಎಂದೊಡನೆ ಕೇಳಿದವರು ಹುಬ್ಬೇರಿಸುವುದು ಸಹಜ. ಆದರೆ ಕಾಗದ ಪೆನ್ಸಿಲು ಹಿಡಿದು ಒಮ್ಮೆ ಭಾಗಿಸಿ ನೋಡಬೇಕು. 1 ಕೋಟಿ 63 ಲಕ್ಷವನ್ನು ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 40 ಲಕ್ಷ 75 ಸಾವಿರ. ಅದನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 11 ಸಾವಿರದ 160. ಇದು ಲಾಭವಲ್ಲ, ಬರೀ ಮಾರಾಟ. ನೂರಕ್ಕೆ ಹತ್ತು ಉಳಿಯಿತು ಎಂದೇ ಹಿಡಿದರೂ ಕೈಗೆ ಬರುವುದು ಸಾವಿರದ ನೂರು ರೂಪಾಯಿ. ಅದರಲ್ಲೇ ಹಮಾಲಿ, ಗಾಡಿ ಬಾಡಿಗೆ, ಸಂಜೆಗೆ ಬಾಡಿದ ಕೊತ್ತಂಬರಿ ಎಲ್ಲ ಕಳೆಯಬೇಕು.

ಕಾನೂನು ನೋಡುವುದು ಉಳಿದದ್ದನ್ನಲ್ಲ, ಬಂದದ್ದನ್ನು. ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟು ಒಂದು ಗೆರೆ. ಸೇವೆ ಕೊಡುವವರಿಗೆ 20 ಲಕ್ಷ. ಗೆರೆ ದಾಟಿದ 30 ದಿನಗಳೊಳಗೆ ಜಿಎಸ್‌ಟಿ ನೋಂದಣಿಗೆ ಅರ್ಜಿ ಹಾಕಬೇಕು. ಕಿರಾಣಿ ಅಂಗಡಿಯಲ್ಲಿ ದಿನಕ್ಕೆ 11 ಸಾವಿರದ ಆಸುಪಾಸು ವ್ಯಾಪಾರವಾದರೆ ಆ ಗೆರೆಯ ಹೊಸ್ತಿಲಿಗೆ ಬಂದಂತೆ. ಚಹಾದಂಗಡಿ, ಖಾನಾವಳಿಗಳನ್ನು ಕಾನೂನು ಸೇವೆ ಎಂದು ಎಣಿಸುತ್ತದೆ; ಅವರಿಗೆ ದಿನಕ್ಕೆ ಐದೂವರೆ ಸಾವಿರವೇ ಗೆರೆ. ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಅದೇನು ದೊಡ್ಡ ವ್ಯಾಪಾರವಲ್ಲ.

ಇನ್ನು 29 ಲಕ್ಷ ಎಲ್ಲಿಂದ ಬಂತು? 1 ಕೋಟಿ 63 ಲಕ್ಷಕ್ಕೆ ನೂರಕ್ಕೆ 18ರಂತೆ ಹಾಕಿದರೆ 29 ಲಕ್ಷ 34 ಸಾವಿರ ಆಗುತ್ತದೆ. ಅಂಕಿ ಅಲ್ಲಿಗೇ ಬಂದು ನಿಲ್ಲುತ್ತದೆ. ಆದರೆ ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬರೀ ತೆರಿಗೆ ಇಲ್ಲದ ಸರಕನ್ನೇ ಮಾರುವವರು ಎಷ್ಟೇ ಮಾರಲಿ, ನೋಂದಣಿಯ ಗೊಡವೆಯೂ ಇಲ್ಲ. ಹಾಗಾದರೆ ಯಂತ್ರ ಯಾಕೆ ತಪ್ಪು ಲೆಕ್ಕ ಹಾಕಿತು?

ಜಮಾ ಉಂಟು, ಬಾಬ್ತು ಇಲ್ಲ

ಇಲ್ಲಿಯೇ ಇರುವುದು ಗುಟ್ಟು. ಹಿಂದೆ ದೀಪಾವಳಿಗೆ ಲಕ್ಷ್ಮೀಪೂಜೆಯ ದಿನ ಕೆಂಪು ಬಟ್ಟೆ ಹೊದಿಸಿದ ಕಿರ್ದಿ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜಿಸುತ್ತಿದ್ದರು. ಇಂಥ ದಿನ ಇಂಥವರಿಂದ ಇಷ್ಟು, ಇಂಥ ಬಾಬ್ತು ಎಂದು ಸೇಠರು ಬರೆದಿಡುತ್ತಿದ್ದರು. ಸಣ್ಣ ಅಂಗಡಿಯವರು ಸಿಗರೇಟು ಪ್ಯಾಕಿನ ಹಿಂದೆ ಬರೆದರೂ ಬರೆಯುತ್ತಿದ್ದರು. 2016ರಲ್ಲಿ ಯುಪಿಐ ಬಂತು. 2020ರ ಜನವರಿ 1ರಿಂದ ಅದರ ಮೇಲೆ ವ್ಯಾಪಾರಿಗೆ ಬ್ಯಾಂಕಿನ ಕಮಿಷನ್ನೂ ಇಲ್ಲವೆಂದಾಯಿತು. ಡಬ್ಬಿ ಕೂಗಿ ಹೇಳತೊಡಗಿತು. ಫೋನೇ ಎಲ್ಲ ಬರೆದಿಡುತ್ತದೆ ಎಂದುಕೊಂಡು ಅಂಗಡಿಯವರು ಪೆನ್ನು ಕೆಳಗಿಟ್ಟರು.

ಫೋನು ಬರೆದದ್ದು ನಿಜ. ಆದರೆ ಅದು ಬರೆಯುವ ಕಿರ್ದಿಯಲ್ಲಿ ಜಮಾ ಮಾತ್ರ ಇದೆ, ಬಾಬ್ತು ಇಲ್ಲ. ಇನ್ನೂರು ರೂಪಾಯಿ ಬಂತು ಎಂದು ಅದಕ್ಕೆ ಗೊತ್ತು. ಅದು ತೆರಿಗೆ ಇಲ್ಲದ ಟೊಮೆಟೊಕ್ಕೆ ಬಂತೋ, ತೆರಿಗೆ ಇರುವ ಸಾಬೂನಿಗೆ ಬಂತೋ ಗೊತ್ತಿಲ್ಲ. ಅದೇ ಖಾತೆಗೆ ಅಳಿಯ ಕೈಗಡ ವಾಪಸು ಕಳಿಸಿದ್ದು, ಚೀಟಿ ಎತ್ತಿದ ದುಡ್ಡು, ಮನೆ ಬಾಡಿಗೆ, ಗೆಳೆಯನ ಟಿಕೆಟಿನ ಪಾಲು ಎಲ್ಲವೂ ಬಂದು ಬಿದ್ದಿರುತ್ತದೆ. ದೂರದ ಕಚೇರಿಯಲ್ಲಿ ಕುಳಿತು ನೋಡುವವರಿಗೆ ಅದಿಷ್ಟೂ ವ್ಯಾಪಾರದಂತೆಯೇ ಕಾಣುತ್ತದೆ. “ಇದು ಅಲ್ಲ ಸ್ವಾಮಿ” ಎಂದು ತೋರಿಸಲು ವ್ಯಾಪಾರಿಯ ಕೈಯಲ್ಲಿ ಒಂದು ತುಂಡು ಕಾಗದವಿಲ್ಲ. ನಾಲ್ಕು ವರ್ಷದ ಹಿಂದಿನ ಮಂಡಿ ಬಿಲ್ಲು ಯಾರ ಹತ್ತಿರ ಇರುತ್ತದೆ?

ಇಲಾಖೆಯ ಮೇಲೂ ಆಕ್ಷೇಪ ಇಲ್ಲದಿಲ್ಲ. ಮೊದಲು ತಿಳಿವಳಿಕೆ, ಆಮೇಲೆ ನೋಟಿಸು ಆಗಬೇಕಿತ್ತು ಎಂಬುದು ವ್ಯಾಪಾರಿಗಳ ದೂರು. ಅದರಲ್ಲಿ ನ್ಯಾಯವಿದೆ. ಮೊಬೈಲಿನಲ್ಲಿ ಹಣ ತೆಗೆದುಕೊಳ್ಳಿ ಎಂದು ಉತ್ತೇಜನ ಕೊಟ್ಟವರು, ತೆಗೆದುಕೊಂಡ ಮೇಲೆ ಏನು ಬರೆದಿಡಬೇಕೆಂದು ಅಂಗಡಿ ಮುಂದೆ ನಿಂತು ಹೇಳಲಿಲ್ಲ. ಜುಲೈ 25ಕ್ಕೆ ಬಂದ್ ಕರೆ ಬಿತ್ತು. ಬೆಂಗಳೂರಿನ ಬೇಕರಿಯವರು ಹಾಲು ಮಾರುವುದು ನಿಲ್ಲಿಸಿ ಕಪ್ಪು ಚಹಾ ಕೊಟ್ಟರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಜೊತೆ ಸಭೆ ನಡೆಸಿ, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಲೇಬೇಕು ಎಂದು ಹೇಳಿದ ಮೇಲೆ ಬಂದ್ ನಿಂತಿತು.

ಬಂದ್ ನಿಂತಿತು, ಕಾನೂನು ನಿಲ್ಲಲಿಲ್ಲ. ಗೆರೆ ಇದ್ದಲ್ಲೇ ಇದೆ.

ಚೀಟಿ ಕಿತ್ತರೆ ಪಾರೇ?

“ನಗದು ತಗೊಂಡ್ರ ಯಾರ್ ನೋಡ್ತಾರ?” ಎಂಬ ವಾದವೂ ಉಂಟು. ಕಾನೂನಿನ ಪ್ರಕಾರ ವಹಿವಾಟೆಂದರೆ ನಗದು, ಮೊಬೈಲು, ಕಾರ್ಡು ಎಲ್ಲ ಸೇರಿ. ಚೀಟಿ ಕಿತ್ತ ಮಾತ್ರಕ್ಕೆ 40 ಲಕ್ಷ 30 ಲಕ್ಷವಾಗುವುದಿಲ್ಲ. ಹೆಂಡತಿಯ ಹೆಸರಿನ ಚೀಟಿ ಒಂದು, ಮಗನ ಹೆಸರಿನದು ಇನ್ನೊಂದು ಅಂಟಿಸಿದರೂ ಅಂಗಡಿ ಒಂದೇ. ಒಬ್ಬರದೇ ಪ್ಯಾನ್ ಮೇಲೆ ಎರಡು ಅಂಗಡಿ ಇದ್ದರೆ ಎರಡರದ್ದೂ ಕೂಡಿಸಿಯೇ ಲೆಕ್ಕ.

ಇತ್ತ ಗಿರಾಕಿಯ ಪಾಡೂ ನೋಡಬೇಕು. ಸಾರಿಗೆ ಬಸ್ಸಿನಲ್ಲಿ ಕಂಡಕ್ಟರೇ ಸ್ಕ್ಯಾನ್ ಮಾಡಿಸಿ ಟಿಕೆಟ್ ಕೊಡುವ ಕಾಲದಲ್ಲಿ ಹದಿನೈದು ರೂಪಾಯಿ ಚಹಾಕ್ಕೆ ಚಿಲ್ಲರೆ ಹುಡುಕುವವರು ಯಾರು? ಚೀಟಿ ಇಲ್ಲದ ಅಂಗಡಿ ಬಿಟ್ಟು ಪಕ್ಕದ ಅಂಗಡಿಗೆ ಹೋಗುತ್ತಾರೆ. ಇಲ್ಲವೇ ಉದ್ರಿ ಹೇಳುತ್ತಾರೆ. ಉದ್ರಿ ಬೆಳೆದ ಅಂಗಡಿ ಉದ್ಧಾರವಾದದ್ದು ಉಂಟೇ?

ಹೆದರಿದಷ್ಟು ಭಾರವೂ ಇದರಲ್ಲಿಲ್ಲ. ವರ್ಷಕ್ಕೆ ಒಂದೂವರೆ ಕೋಟಿಯೊಳಗಿನ ವ್ಯಾಪಾರಿಗಳಿಗೆ ಕಾಂಪೋಸಿಷನ್, ಅಂದರೆ ರಾಜಿ ತೆರಿಗೆ ಎಂಬ ಸುಲಭ ದಾರಿ ಇದೆ. ತೆರಿಗೆಯುಳ್ಳ ಸರಕಿನ ಮಾರಾಟಕ್ಕೆ ನೂರಕ್ಕೆ 1 ರೂಪಾಯಿ. ಹೋಟೆಲಿನವರಿಗೆ ನೂರಕ್ಕೆ 5. ವರ್ಷಕ್ಕೆ 41 ಲಕ್ಷ ಮಾರುವ ಕಿರಾಣಿಯವರಿಗೆ ಎಲ್ಲವೂ ತೆರಿಗೆಯ ಸರಕೆಂದೇ ಹಿಡಿದರೂ 41 ಸಾವಿರ, ದಿನಕ್ಕೆ ಸುಮಾರು 112 ರೂಪಾಯಿ. ಮೂರು ತಿಂಗಳಿಗೊಮ್ಮೆ ಕಟ್ಟುವುದು, ವರ್ಷಕ್ಕೊಮ್ಮೆ ಲೆಕ್ಕಪತ್ರ ಸಲ್ಲಿಸುವುದು. ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ. ಆದರೆ ಈ ದಾರಿ ಹಿಡಿದವರು ಗಿರಾಕಿಯಿಂದ ಬೇರೆಯಾಗಿ ತೆರಿಗೆ ವಸೂಲು ಮಾಡುವಂತಿಲ್ಲ, ಖರೀದಿಗೆ ಕೊಟ್ಟ ತೆರಿಗೆಯನ್ನು ವಜಾ ಹಾಕಿಕೊಳ್ಳುವಂತಿಲ್ಲ. 112 ರೂಪಾಯಿಯೂ ಬಡವನಿಗೆ ರೂಪಾಯಿಯೇ, ನಿಜ. ಆದರೆ ಒಂದೇ ಏಟಿಗೆ 29 ಲಕ್ಷದ ಕಾಗದ ಬರುವುದಕ್ಕಿಂತ ಅದು ಮೇಲಲ್ಲವೇ?

ಅಂತರ್ಜಾಲದ ಅಂಗಡಿಗೆ ಬೇರೆ ಗೆರೆ

ಗೋಡೆಯ ಚೀಟಿಯ ಕಥೆ ಇದಾದರೆ, ಮನೆಯಲ್ಲೇ ಕುಳಿತು ವೆಬ್‌ಸೈಟ್ ಮಾಡಿ ಮಾರುವವರ ಕಥೆ ಇನ್ನೂ ಸೂಕ್ಷ್ಮ. ಬ್ಯಾಡಗಿ ಮೆಣಸಿನಕಾಯಿಯ ಖಾರದ ಪುಡಿಯನ್ನು ಪೊಟ್ಟಣ ಕಟ್ಟಿ ಅಂತರ್ಜಾಲದಲ್ಲಿ ಮಾರಲು ಹೊರಟ ಮನೆ ಉದ್ಯಮವೊಂದನ್ನು ಊಹಿಸಿಕೊಳ್ಳಬಹುದು. ಅಲ್ಲಿ ಹಣ ನೇರವಾಗಿ ಬರುವುದಿಲ್ಲ. ನಡುವೆ ಪೇಮೆಂಟ್ ಗೇಟ್‌ವೇ ಎಂಬ ಕಂಪನಿ ಇರುತ್ತದೆ. ಎಪಿಎಂಸಿ ಯಾರ್ಡಿನಲ್ಲಿ ದಲಾಲರಿದ್ದಂತೆ ಎಂದುಕೊಳ್ಳಿ. ಗಿರಾಕಿಯಿಂದ ಹಣ ಪಡೆದು, ತನ್ನ ಕಮಿಷನ್ ಹಿಡಿದುಕೊಂಡು, ಒಂದೆರಡು ದಿನದಲ್ಲಿ ಉಳಿದದ್ದನ್ನು ಮಾರಿದವರ ಖಾತೆಗೆ ಹಾಕುತ್ತದೆ. ಇಂಥ ಕಂಪನಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಕಮಿಷನ್ ನೂರಕ್ಕೆ 2 ಎಂದು ಹಿಡಿಯೋಣ. ಸಾವಿರ ರೂಪಾಯಿಗೆ 20. ಆ 20ರ ಮೇಲೆ ನೂರಕ್ಕೆ 18ರಂತೆ ತೆರಿಗೆ 3 ರೂಪಾಯಿ 60 ಪೈಸೆ. ಕೈಗೆ ಬರುವುದು 976 ರೂಪಾಯಿ 40 ಪೈಸೆ. ಬಹಳ ಜನ ಎಡವುವುದು ಇಲ್ಲಿಯೇ. ಬ್ಯಾಂಕಿಗೆ ಬಂದ 976ನ್ನು ಮಾರಾಟವೆಂದು ಬರೆಯುತ್ತಾರೆ. ತಪ್ಪು. ಮಾರಾಟ ಸಾವಿರವೇ, 23 ರೂಪಾಯಿ 60 ಪೈಸೆ ಖರ್ಚು.

ಇದಕ್ಕಿಂತ ದೊಡ್ಡ ಮಾತು ಪಾರ್ಸೆಲ್ ಎಲ್ಲಿಗೆ ಹೋಗುತ್ತದೆ ಎಂಬುದು. ದಾವಣಗೆರೆಗೋ ಶಿರಸಿಗೋ ಕಳಿಸುವವರೆಗೆ ಅದೇ 40 ಲಕ್ಷದ ಗೆರೆ. ಖಾರದ ಪುಡಿಯಂಥ ತೆರಿಗೆಯುಳ್ಳ ಸರಕಿನ ಒಂದೇ ಒಂದು ಪೊಟ್ಟಣ ಪುಣೆಯ ಗಿರಾಕಿಗೆ ಹೋಯಿತೋ, ಆ ಗೆರೆ ಅಳಿಸಿಹೋಯಿತು. ಹೊರರಾಜ್ಯಕ್ಕೆ ತೆರಿಗೆಯುಳ್ಳ ಸರಕು ಮಾರುವವರು ವಹಿವಾಟು ಎಷ್ಟೇ ಚಿಕ್ಕದಿರಲಿ ನೋಂದಣಿ ಮಾಡಿಸಲೇಬೇಕು. ಗೊತ್ತುಪಡಿಸಿದ ಕೆಲವು ಕರಕುಶಲ ವಸ್ತುಗಳಿಗಷ್ಟೇ ವಿನಾಯಿತಿ. ನೂರಕ್ಕೆ 1ರ ರಾಜಿ ತೆರಿಗೆಯೂ ಹೊರರಾಜ್ಯಕ್ಕೆ ಮಾರುವವರಿಗೆ ಸಿಗುವುದಿಲ್ಲ. ವೆಬ್‌ಸೈಟ್ ಮಾಡಿಕೊಡುವ ಹುಡುಗರು ಇದನ್ನು ಹೇಳುವುದಿಲ್ಲ. ಗುಂಡಿ ಒತ್ತಿದರೆ ದುಡ್ಡು ಬರುತ್ತದೆ ಎಂದಷ್ಟೇ ಹೇಳುತ್ತಾರೆ. ಪುಣೆಗೆ ಕಳಿಸುವುದೇ ಬೇಡವೆಂದಲ್ಲ. ನೋಂದಣಿ ಮುಗಿಸಿಕೊಂಡು ಕಳಿಸಬೇಕು. ಹಾಗೆ ಮಾಡಿದವರಿಗೆ ಕಮಿಷನ್ ಮೇಲಿನ ಆ 3 ರೂಪಾಯಿ 60 ಪೈಸೆಯನ್ನೂ ಬಿಲ್ಲು ಇಟ್ಟುಕೊಂಡರೆ ತೆರಿಗೆಯಲ್ಲಿ ವಜಾ ಹಾಕಿಕೊಳ್ಳುವ ಅವಕಾಶವಿದೆ.

ಒಂದು ನೋಟ್‌ಬುಕ್ಕಿನ ಮಾತು

ಹಾಗಾದರೆ ಸಾಮಾನ್ಯ ಅಂಗಡಿಯವರು ಮಾಡಬೇಕಾದದ್ದೇನು? ಕಂಪ್ಯೂಟರ್ ಬೇಡ, ಗುಮಾಸ್ತ ಬೇಡ. ಮೊದಲನೆಯದು, ಅಂಗಡಿಗೆಂದೇ ಒಂದು ಬ್ಯಾಂಕ್ ಖಾತೆ. ಗೋಡೆಯ ಚೀಟಿ ಆ ಖಾತೆಯದ್ದೇ ಇರಬೇಕು. ಅಳಿಯನ ಕೈಗಡ, ಚೀಟಿ ದುಡ್ಡು ಮನೆಯ ಖಾತೆಗೆ ಹೋಗಲಿ.

ಎರಡನೆಯದು, ಒಂದು ಉದ್ದನೆಯ ನೋಟ್‌ಬುಕ್. ಬಾಗಿಲು ಹಾಕುವ ಮುನ್ನ ಹತ್ತು ನಿಮಿಷ. ಇಂದು ನಗದು ಎಷ್ಟು, ಮೊಬೈಲಿಗೆ ಎಷ್ಟು. ಅದರಲ್ಲಿ ತೆರಿಗೆ ಇಲ್ಲದ ಸರಕು ಎಷ್ಟು, ತೆರಿಗೆ ಇರುವುದು ಎಷ್ಟು. ವ್ಯಾಪಾರದ್ದಲ್ಲದ ಹಣ ಏನಾದರೂ ಬಂತೇ. ತರಕಾರಿಯ ಜೊತೆ ತಂಪು ಪಾನೀಯವನ್ನೂ ಮಾರುವವರಿಗೆ ಇದು ತೀರ ಅಗತ್ಯ. ಏಕೆಂದರೆ ಎರಡೂ ಸೇರಿ 40 ಲಕ್ಷ ದಾಟಿದರೆ ನೋಂದಣಿ ಬೇಕು. ತೆರಿಗೆ ಮಾತ್ರ ತಂಪು ಪಾನೀಯಕ್ಕೆ, ತರಕಾರಿಗಲ್ಲ. ಬೇರೆ ಬೇರೆ ಬರೆದಿಡದಿದ್ದರೆ ಬೇರ್ಪಡಿಸಿ ತೋರಿಸುವುದು ಹೇಗೆ?

ಮೂರನೆಯದು, ಖರೀದಿ ಬಿಲ್ಲು. ಮಂಡಿಯದಾಗಲಿ ಏಜೆನ್ಸಿಯದಾಗಲಿ, ತಿಂಗಳಿಗೊಂದು ಲಕೋಟೆಯಲ್ಲಿ ಹಾಕಿ ಅಟ್ಟದ ಮೇಲಿಟ್ಟರೆ ಸಾಕು.

ಈ ಸಂಜೆಯ ಲೆಕ್ಕದಿಂದ ಇನ್ನೊಂದು ಲಾಭವೂ ಇದೆ. ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ “ಹಾಕೇನ್ರಿ, ನೋಡ್ರಿ” ಎಂದು ಸಾಮಾನು ಎತ್ತಿಕೊಂಡು ಹೋದವರು ಅಂದೇ ಸಿಕ್ಕಿಬೀಳುತ್ತಾರೆ. ಮಾರಿದ್ದು, ಬಂದದ್ದು ತಾಳೆಯಾಗದಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ.

ನೋಟಿಸು ಬಂದವರು ಅದನ್ನು ಮಡಚಿ ದೇವರ ಫೋಟೋ ಹಿಂದೆ ಇಡಬಾರದು. ನೋಟಿಸು ಎಂದರೆ ಅಂತಿಮ ಆದೇಶವಲ್ಲ, ಪ್ರಶ್ನೆ. ಕೊಟ್ಟ ದಿನದೊಳಗೆ ಉತ್ತರ ಬರೆದು, ಇರುವ ಬಿಲ್ಲು, ಪಾಸ್‌ಬುಕ್ ಲಗತ್ತಿಸಿ ಸ್ವೀಕೃತಿ ಪಡೆಯಬೇಕು. ಉತ್ತರವಿಲ್ಲದ ಪ್ರಶ್ನೆಯೇ ಮುಂದೆ ಆದೇಶವಾಗುವುದು.

ಬಸ್ ನಿಲ್ದಾಣದ ಎದುರಿನ ಆ ಚಹಾದ ಹದಿನೈದು ರೂಪಾಯಿಯ ಮಾತಿಗೇ ಬರೋಣ. ಅದು ಮೊಬೈಲಿಗೆ ಬಂದರೆ ಎಲ್ಲೋ ಒಂದು ಕಡೆ ದಾಖಲಾಗಿಯೇ ಇರುತ್ತದೆ. ಅಂಗಡಿಯವರ ಪುಸ್ತಕದಲ್ಲೂ ದಾಖಲಾಗಿದ್ದರೆ ಭಯವಿಲ್ಲ. ಚೀಟಿ ಗೋಡೆಯ ಮೇಲೆ ಇರಲಿ. ಕಿರ್ದಿ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಮರಳಿ ಬರಲಿ.