ಮಕ್ಕಳ ಹಾಕಿಗೆ ಹಿರಿಯರು ಇಳಿದಾಗ

ಬೇಸಿಗೆ ರಜೆ ಬಂತೆಂದರೆ ಕೊಡಗಿನ ಮೈದಾನಗಳಲ್ಲಿ ಹಾಕಿಯದೇ ಮಾತು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮೊದಲ ವರ್ಷ 60 ಕುಟುಂಬಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ ಕುಟುಂಬಗಳ ಸಂಖ್ಯೆ 360ಕ್ಕೆ ಏರಿತ್ತು. ಈ ಹಬ್ಬದ ವಿಶೇಷವೆಂದರೆ ತಂಡವು ವಯಸ್ಸಿನ ಮೇಲೆ ಅಲ್ಲ, ಒಕ್ಕದ ಮೇಲೆ ಕಟ್ಟಲ್ಪಡುತ್ತದೆ. ಅಜ್ಜ, ಚಿಕ್ಕಪ್ಪ, ಅತ್ತೆ, ಶಾಲೆಗೆ ಹೋಗುವ ಹುಡುಗ, ಹುಡುಗಿ ಎಲ್ಲರೂ ಒಂದೇ ತಂಡದಲ್ಲಿ ಆಡಬಹುದು. ಬೇರೆ ಊರುಗಳ ರಜಾ ಶಿಬಿರಗಳಲ್ಲೂ ತರಬೇತಿ ಕೊಡುವ ಹಿರಿಯರು ಮಕ್ಕಳ ಜೊತೆಗೇ ಸ್ಟಿಕ್ ಹಿಡಿದು ಆಡುವುದುಂಟು.

ಇದು ಒಳ್ಳೆಯ ಪದ್ಧತಿಯೇ? ಆರೋಗ್ಯದ ದೃಷ್ಟಿಯಿಂದ ನೋಡಿದರೆ ಒಳ್ಳೆಯದೇ. ಆದರೆ ಕೆಲವು ಎಚ್ಚರಿಕೆಗಳನ್ನು ಪಾಲಿಸಿದರೆ ಮಾತ್ರ.

ಲಾಭ ಏನು?

ಮಗು ಕೇಳಿ ಕಲಿಯುವುದಕ್ಕಿಂತ ನೋಡಿ ಕಲಿಯುವುದು ಹೆಚ್ಚು. ಚೆಂಡನ್ನು ಯಾವಾಗ ಬಿಟ್ಟುಕೊಡಬೇಕು, ಖಾಲಿ ಜಾಗಕ್ಕೆ ಯಾವಾಗ ಓಡಬೇಕು ಎಂಬುದನ್ನು ಗೆರೆಯ ಆಚೆ ನಿಂತು ಕೂಗಿ ಹೇಳುವುದಕ್ಕಿಂತ, ಪಕ್ಕದಲ್ಲಿ ಆಡಿ ತೋರಿಸುವುದು ಸುಲಭ. ಅನುಭವಿಯಾದ ಹಿರಿಯರು ಆಟದ ವೇಗವನ್ನು ತಗ್ಗಿಸಬಲ್ಲರು. ಚೆಂಡೇ ಸಿಗದೆ ಮೂಲೆಯಲ್ಲಿ ನಿಂತಿರುವ ಮಗುವಿಗೆ ಚೆಂಡು ತಲುಪಿಸಬಲ್ಲರು. ಹಾಕಿ ಬಗ್ಗಿ ಆಡುವ ಆಟ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಇದಕ್ಕೆ ಅಕ್ಷರಶಃ ಅನ್ವಯಿಸುತ್ತದೆ. ಮಂಡಿ ಬಗ್ಗಿಸಿ, ಬೆನ್ನನ್ನು ಗೂನಾಗಿಸದೆ ಆಡುವ ಭಂಗಿ ಎಳವೆಯಲ್ಲೇ ರೂಢಿಯಾದರೆ ಮುಂದೆ ಸೊಂಟ ನೋವಿನ ಕಾಟ ಕಡಿಮೆ.

ಅಪಾಯ ಎಲ್ಲಿದೆ?

ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ, ಅಂದರೆ ಕ್ರಿಕೆಟ್ ಚೆಂಡಿನಷ್ಟೇ. ಅಷ್ಟೇ ಗಟ್ಟಿ. ಆದರೆ ಕ್ರಿಕೆಟ್‌ನಲ್ಲಿ ಬ್ಯಾಟ್ ಹಿಡಿದವರಿಗೆ ಹೆಲ್ಮೆಟ್, ಪ್ಯಾಡ್, ಗ್ಲೌಸ್ ಎಲ್ಲ ಇರುತ್ತದೆ. ಹಾಕಿಯಲ್ಲಿ ಗೋಲ್‌ಕೀಪರ್ ಬಿಟ್ಟರೆ ಉಳಿದವರ ಮುಖಕ್ಕೆ ಸಾಮಾನ್ಯವಾಗಿ ಯಾವ ರಕ್ಷಣೆಯೂ ಇರುವುದಿಲ್ಲ. ಹತ್ತು ವರ್ಷದ ಹುಡುಗ ಹೊಡೆದ ಚೆಂಡಿನ ವೇಗ ಬೇರೆ, ಅವನ ತಂದೆ ಹೊಡೆದ ಚೆಂಡಿನ ವೇಗ ಬೇರೆ. ಬಗ್ಗಿ ನಿಂತಿರುವ ಮಗುವಿನ ಮುಖವು ಹಿರಿಯರ ಸ್ಟಿಕ್ ಬೀಸುವ ಎತ್ತರದಲ್ಲೇ ಇರುತ್ತದೆ ಎಂಬುದನ್ನೂ ಮರೆಯಬೇಡಿ.

ಎರಡನೆಯದು ಡಿಕ್ಕಿ. 30 ಕಿಲೋ ತೂಕದ ಮಗು ಮತ್ತು 75 ಕಿಲೋ ತೂಕದ ವಯಸ್ಕ ಓಡುತ್ತಾ ಢಿಕ್ಕಿ ಹೊಡೆದರೆ ಏಟು ಬೀಳುವುದು ಯಾರಿಗೆಂದು ಹೇಳಬೇಕಾಗಿಲ್ಲ. ಮಕ್ಕಳ ತಲೆ ಮೈಯ ಅಳತೆಗೆ ದೊಡ್ಡದು, ಕತ್ತಿನ ಸ್ನಾಯುಗಳು ದುರ್ಬಲ. ಆದ್ದರಿಂದ ತಲೆ ಜೋರಾಗಿ ಅಲುಗುತ್ತದೆ.

ಮೂರನೆಯದು ಎಲುಬು. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಬೆಳವಣಿಗೆಯ ಮೃದ್ವಸ್ಥಿಯ ಪಟ್ಟಿ ಇರುತ್ತದೆ. ಅನೇಕ ವೇಳೆ ಕೀಲಿನ ಕಟ್ಟುಗಳಿಗಿಂತ ಈ ಪಟ್ಟಿಯೇ ದುರ್ಬಲ. ದೊಡ್ಡವರಿಗೆ ಉಳುಕಾಗುವ ಏಟಿನಿಂದ ಮಗುವಿಗೆ ಮೂಳೆ ಮುರಿತವೇ ಆಗಿರಬಹುದು. ಊದಿಕೊಂಡ ಕೀಲಿಗೆ ಬಿಸಿ ಎಣ್ಣೆ ಹಚ್ಚಿ ತಿಕ್ಕುವುದು, ಎಳೆದು ಕೂರಿಸುವುದು ಖಂಡಿತ ಬೇಡ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10–15 ನಿಮಿಷ ಇಟ್ಟು, ಕೈಕಾಲು ಅಲುಗದಂತೆ ಕಟ್ಟಿ, ಎಕ್ಸ್‌ರೇ ಸೌಲಭ್ಯವಿರುವಲ್ಲಿಗೆ ಕರೆದೊಯ್ಯಿರಿ. ಏಟೇ ಬೀಳದೆ ಮಂಡಿಚಿಪ್ಪಿನ ಕೆಳಗೆ ಅಥವಾ ಹಿಮ್ಮಡಿಯಲ್ಲಿ ವಾರಗಟ್ಟಲೆ ನೋವಿದ್ದರೆ ಅದು ಬೆಳೆಯುವ ಮೂಳೆಗೆ ಅತಿಯಾದ ಆಟದಿಂದ ಬಿದ್ದ ಒತ್ತಡವಿರಬಹುದು. ಇದನ್ನು ಸೋಮಾರಿತನದ ನೆಪವೆಂದು ಗದರಿಸಬೇಡಿ. ಆಟ ತಗ್ಗಿಸಿ, ವೈದ್ಯರಿಗೆ ತೋರಿಸಿ.

ಹಲ್ಲು ಕಿತ್ತುಬಂದರೆ

ಇದು ಗಾಬರಿಯಾಗುವ ಸಮಯ, ಆದರೆ ಗಡಿಯಾರ ನೋಡಬೇಕಾದ ಸಮಯವೂ ಹೌದು. ಶಾಶ್ವತ ಹಲ್ಲು ಬುಡಸಹಿತ ಕಿತ್ತುಬಂದರೆ ಅದನ್ನು ಹುಡುಕಿ, ಕಚ್ಚುವ ಬಿಳಿ ಭಾಗದಲ್ಲಿ ಮಾತ್ರ ಹಿಡಿಯಿರಿ. ಬೇರಿನ ಭಾಗವನ್ನು ಮುಟ್ಟಬೇಡಿ, ಉಜ್ಜಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲೋ ಶುದ್ಧ ನೀರಿನಲ್ಲೋ ಒಂದು ಕ್ಷಣ ಅದ್ದಿ ತೆಗೆದು, ಅದೇ ಕುಳಿಯಲ್ಲಿ ಕೂರಿಸಿ, ಶುಭ್ರ ಕರವಸ್ತ್ರ ಕಚ್ಚಿಸಿ. ಅದು ಸಾಧ್ಯವಾಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ದಂತವೈದ್ಯರನ್ನು ತಲುಪಿ. ಕಾಗದದಲ್ಲಿ ಸುತ್ತಿ ಒಣಗಿಸಿದರೆ ಹಲ್ಲು ಉಳಿಯುವ ಅವಕಾಶ ಕಡಿಮೆಯಾಗುತ್ತದೆ. ಹಾಲುಹಲ್ಲನ್ನು ಮಾತ್ರ ಮತ್ತೆ ಕೂರಿಸಬಾರದು. ಒಳಗಿನ ಶಾಶ್ವತ ಹಲ್ಲಿಗೆ ಪೆಟ್ಟಾಗಬಹುದು.

ತಲೆಗೆ ಏಟು ಬಿದ್ದರೆ

ಪ್ರಜ್ಞೆ ತಪ್ಪಲಿಲ್ಲ, ಹಾಗಾಗಿ ಏನೂ ಆಗಿಲ್ಲ ಎಂಬುದು ತಪ್ಪು ತಿಳಿವಳಿಕೆ. ಪ್ರಜ್ಞೆ ತಪ್ಪದೆಯೂ ಮಿದುಳಿಗೆ ಅಲುಗಾಟ ಆಗಿರಬಹುದು. ವೈದ್ಯರು ಇದನ್ನು ಕಂಕಶನ್ ಎನ್ನುತ್ತಾರೆ. ತಲೆನೋವು, ತಲೆಸುತ್ತು, ಓಕರಿಕೆ, ಮಂಕು, ಕೇಳಿದ್ದನ್ನೇ ಮತ್ತೆ ಕೇಳುವುದು, ಸ್ಕೋರ್ ಎಷ್ಟೆಂದು ಮರೆಯುವುದು ಇದರ ಲಕ್ಷಣಗಳು. ಇವುಗಳಲ್ಲಿ ಒಂದಿದ್ದರೂ ಆ ಮಗು ಆ ದಿನ ಮತ್ತೆ ಆಡಬಾರದು. ಮೊದಲ ಒಂದೆರಡು ದಿನ ವಿಶ್ರಾಂತಿ, ಬಳಿಕ ಹಗುರ ನಡಿಗೆ, ಪಾಠ, ನಂತರ ಹಂತಹಂತವಾಗಿ ಆಟ. ಪೂರ್ಣ ಪ್ರಮಾಣದ ಆಟಕ್ಕೆ ವೈದ್ಯರ ಒಪ್ಪಿಗೆ ಬೇಕು.

ಪದೇ ಪದೇ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದಂಥ ನಿದ್ದೆ, ಫಿಟ್ಸ್, ಕೈಕಾಲಿನ ನಿಶ್ಶಕ್ತಿ, ಕಿವಿ ಅಥವಾ ಮೂಗಿನಿಂದ ನೀರಿನಂಥ ಸ್ರಾವ ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ಕತ್ತು ನೋವೆಂದರೆ ಎತ್ತಿ ಕೂರಿಸಬೇಡಿ. ಮಲಗಿದಂತೆಯೇ ಇರಿಸಿ 108ಕ್ಕೆ ಕರೆ ಮಾಡಿ.

ನಿರ್ಧಾರ ಯಾರದು?

ಹಿರಿಯರೂ ಆಡುವ ತಂಡದಲ್ಲಿ ಒಂದು ಸೂಕ್ಷ್ಮವಿದೆ. ಮಗುವನ್ನು ಹೊರಗೆ ಕಳಿಸಬೇಕಾದ ತರಬೇತುದಾರನೇ ಗೆಲ್ಲಲು ಓಡುತ್ತಿರುವ ಆಟಗಾರನೂ ಆಗಿರುತ್ತಾನೆ. ಅಪ್ಪನಿಗೋ ಚಿಕ್ಕಪ್ಪನಿಗೋ ಬೇಸರವಾದೀತೆಂದು ಮಗು ನೋವನ್ನು ನುಂಗಿಕೊಳ್ಳುತ್ತದೆ. ಕೇಳಿದರೆ "ಏನಿಲ್ಲ, ಆಡ್ತೀನಿ" ಎನ್ನುತ್ತದೆ. ಆದ್ದರಿಂದ ಆಟವಾಡದ ಒಬ್ಬರನ್ನು, ಅಜ್ಜಿಯಾದರೂ ಸರಿ, ಮೈದಾನದ ಹೊರಗೆ ನಿಲ್ಲಿಸಿ. ಅವರು ಮಗುವನ್ನು ಹೊರಗೆ ಕರೆದರೆ ಅದೇ ಅಂತಿಮ ಮಾತು. ತಂಡದ ನಾಯಕನೂ ಎದುರಾಡಬಾರದು. ಈ ಲೇಖನದಲ್ಲಿ ಒಂದೇ ಒಂದು ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ.

ಹಿರಿಯರು ಪಾಲಿಸಬೇಕಾದ ನಿಯಮಗಳು

1. ಮಕ್ಕಳಿರುವಾಗ ಚೆಂಡನ್ನು ಬೀಸಿ ಹೊಡೆಯಬೇಡಿ, ತಳ್ಳಿ ಕೊಡಿ. ಎತ್ತಿ ಹೊಡೆಯುವುದಂತೂ ಬೇಡವೇ ಬೇಡ. ಐದು ಮೀಟರ್ ಒಳಗಿರುವ ಎದುರಾಳಿಯತ್ತ ಚೆಂಡನ್ನು ಮೇಲೆತ್ತುವುದು ಅಪಾಯಕಾರಿ ಆಟವೆಂದು ಹಾಕಿಯ ನಿಯಮವೇ ಹೇಳುತ್ತದೆ.

2. ಪೆನಾಲ್ಟಿ ಕಾರ್ನರ್ ಹೊಡೆಯುವವರು ವಯಸ್ಕರಾದರೆ ತಡೆಯಲು ಮಕ್ಕಳನ್ನು ನಿಲ್ಲಿಸಬೇಡಿ.

3. ಪ್ರತಿ ಮಗುವಿಗೂ ಮೌತ್ ಗಾರ್ಡ್ ಮತ್ತು ಕಣಕಾಲಿಗೆ ಶಿನ್ ಗಾರ್ಡ್ ಇರಲಿ. ಎಡಗೈಗೆ ಗ್ಲೌಸ್ ಇದ್ದರೆ ಒಳ್ಳೆಯದು. ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿ ತಡೆಯುವಾಗ ತರಚುವುದು, ಏಟು ತಿನ್ನುವುದು ಆ ಬೆರಳುಗಳೇ.

4. ಅಣ್ಣನ ಹಳೆಯ ಸ್ಟಿಕ್ ತಮ್ಮನಿಗೆ ಹೊಂದದು. ನಿಂತಾಗ ಸ್ಟಿಕ್ಕಿನ ತುದಿ ಸುಮಾರು ಸೊಂಟದ ಮೂಳೆಯ ಮಟ್ಟಕ್ಕೆ ಬರಬೇಕು. ಗಿಡ್ಡವಾದರೆ ಬೆನ್ನು ನೋವು, ಉದ್ದವಾದರೆ ಹಿಡಿತವಿಲ್ಲ.

5. ಬಿಸಿಲೇರುವ ಮುನ್ನ ಆಟ ಮುಗಿಸಿ. ಬಾಯಾರಿಕೆಗೆ ಕಾಯದೆ 15–20 ನಿಮಿಷಕ್ಕೊಮ್ಮೆ ಅರ್ಧದಿಂದ ಒಂದು ಲೋಟ ನೀರು ಕುಡಿಸಿ. ತಲೆಸುತ್ತು ಅಥವಾ ವಾಂತಿ ಬಂದರೆ ನೆರಳಿಗೆ ಕರೆತಂದು ಮೈ ತಂಪು ಮಾಡಿ. ಮಾತು ತಡವರಿಸಿದರೆ ಆಸ್ಪತ್ರೆಗೆ ಒಯ್ಯಿರಿ.

ನಿಮ್ಮ ಹೃದಯವನ್ನೂ ಕೇಳಿ

ಕೊನೆಯದಾಗಿ ಹಿರಿಯರಿಗೇ ಒಂದು ಮಾತು. ವರ್ಷವಿಡೀ ಕುರ್ಚಿಯಲ್ಲಿ ಕುಳಿತು, ಏಪ್ರಿಲ್‌ನಲ್ಲಿ ಒಮ್ಮೆಲೇ ಇಪ್ಪತ್ತರ ಹರೆಯದವರಂತೆ ಓಡಿದರೆ ಮೊದಲು ಕೈಕೊಡುವುದು ತೊಡೆಯ ಹಿಂಭಾಗದ ಸ್ನಾಯು ಮತ್ತು ಹಿಮ್ಮಡಿಯ ಮೇಲಿನ ನರ. ನಲವತ್ತು ದಾಟಿದವರು, ಅದರಲ್ಲೂ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ ಇರುವವರು ಹೃದಯದ ಪರೀಕ್ಷೆ ಮಾಡಿಸಿಕೊಂಡೇ ಮೈದಾನಕ್ಕೆ ಇಳಿಯಬೇಕು. ಒಂದೆರಡು ತಿಂಗಳ ಮೊದಲೇ ಬಿರುಸಾದ ನಡಿಗೆ, ನಂತರ ನಿಧಾನದ ಓಟ ಆರಂಭಿಸಿ. ಆಡುವಾಗ ಎದೆ ಹಿಂಡಿದಂತಾದರೆ, ದವಡೆ ಅಥವಾ ಎಡಗೈಗೆ ನೋವು ಹರಿದರೆ, ತಣ್ಣನೆ ಬೆವರು ಬಂದರೆ ಅದು ಗ್ಯಾಸ್ ಎಂದು ಸೋಡಾ ಕುಡಿದು ಕೂರಬೇಡಿ. ಆಟ ನಿಲ್ಲಿಸಿ, ಕೂಡಲೇ ಆಸ್ಪತ್ರೆಗೆ ಹೊರಡಿ.

1980ರ ಮಾಸ್ಕೋ ಒಲಿಂಪಿಕ್ಸ್‌ನ ಚಿನ್ನದ ತಂಡದಲ್ಲಿ ಆಡಿದ ಎಂ.ಎಂ. ಸೋಮಯ್ಯನವರಂಥವರನ್ನು ಕೊಟ್ಟ ನೆಲ ಇದು. ಇಲ್ಲಿ ಮಕ್ಕಳು ಸ್ಟಿಕ್ ಹಿಡಿಯದಿದ್ದರೇ ಆಶ್ಚರ್ಯ. ಎಲ್ಲರೂ ಒಲಿಂಪಿಕ್ಸ್‌ಗೆ ಹೋಗಲಾರರು, ಹೋಗಬೇಕಾಗಿಯೂ ಇಲ್ಲ. ಈ ರಜೆಯಲ್ಲಿ ನಿಮ್ಮ ಜೊತೆ ಆಡಿದ ಮಗು ಮುಂದಿನ ರಜೆಗೂ ತಾನಾಗಿಯೇ ಸ್ಟಿಕ್ ಹುಡುಕಿಕೊಂಡು ಬಂದರೆ ನಿಮ್ಮ ತರಬೇತಿ ಸರಿಯಾಗಿದೆ ಎಂದೇ ಅರ್ಥ.