ಲಂಕೆಯ ಡಾಲ್ಡಾ, ಕೊಡಗಿನ ಮೆಣಸು

ಶ್ರೀಲಂಕಾದಲ್ಲಿ ಹೇಳಿಕೊಳ್ಳುವಷ್ಟು ತಾಳೆ ಎಣ್ಣೆ ಆಗುವುದಿಲ್ಲ, ತಾಮ್ರದ ಗಣಿಗಾರಿಕೆಯೂ ಇಲ್ಲ. ಹಾಗಿದ್ದೂ 2005ರ ಸುಮಾರಿಗೆ ಆ ದ್ವೀಪದಿಂದ ಭಾರತಕ್ಕೆ ಬರುತ್ತಿದ್ದ ಸರಕಿನಲ್ಲಿ ಹೆಚ್ಚುಕಮ್ಮಿ ಅರ್ಧಪಾಲು ವನಸ್ಪತಿ ಮತ್ತು ತಾಮ್ರದ್ದೇ ಆಗಿತ್ತು. ವನಸ್ಪತಿ ಅಂದರೆ ನಮ್ಮ ಬೇಕರಿಗಳಲ್ಲಿ, ಮದುವೆ ಮನೆಯ ಅಡುಗೆಯಲ್ಲಿ ಇಂದಿಗೂ ಡಾಲ್ಡಾ ಎಂದೇ ಕರೆಸಿಕೊಳ್ಳುವ ಪದಾರ್ಥ.

ಇದರ ಹಿಂದಿದ್ದದ್ದು ಒಂದು ಒಪ್ಪಂದ. 1998ರ ಡಿಸೆಂಬರ್ 28ರಂದು ಪ್ರಧಾನಿ ವಾಜಪೇಯಿ ಮತ್ತು ಶ್ರೀಲಂಕಾದ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ದೆಹಲಿಯಲ್ಲಿ ಸಹಿ ಹಾಕಿದ ಮುಕ್ತ ವ್ಯಾಪಾರ ಒಪ್ಪಂದ 2000ದ ಮಾರ್ಚ್‌ನಲ್ಲಿ ಜಾರಿಗೆ ಬಂತು. ದೊಡ್ಡ ದೇಶವಾದ ಭಾರತ ಮೂರು ವರ್ಷದಲ್ಲಿ ಬಹುತೇಕ ಸರಕುಗಳ ಸುಂಕ ತೆಗೆಯಬೇಕು, ಶ್ರೀಲಂಕಾಗೆ ಎಂಟು ವರ್ಷದ ಗಡುವು ಎಂದು ಮಾತಾಗಿತ್ತು. ಹೆಸರು ‘ಮುಕ್ತ’ ಎಂದಿದ್ದರೂ ಒಪ್ಪಂದದ ತುಂಬ ಬೇಲಿಗಳಿದ್ದವು. ಸಿಲೋನ್ ಚಹಾಕ್ಕೆ ವರ್ಷಕ್ಕೆ 1.5 ಕೋಟಿ ಕೆ.ಜಿ. ಮಿತಿ, ಅದಕ್ಕೂ ಸಿಕ್ಕಿದ್ದು ಅರ್ಧ ರಿಯಾಯಿತಿ. ಸಿದ್ಧ ಉಡುಪಿಗೆ 80 ಲಕ್ಷ ನಗದ ಮಿತಿ, ಅದರಲ್ಲಿ ಬಹುಪಾಲನ್ನು ಭಾರತದ ಬಟ್ಟೆಯಲ್ಲೇ ಹೊಲಿಯಬೇಕೆಂಬ ಷರತ್ತು ಬೇರೆ. ಶ್ರೀಲಂಕಾ ನಿಜಕ್ಕೂ ಚೆನ್ನಾಗಿ ಮಾಡುವ ಎರಡು ಸರಕುಗಳಿಗೇ ಬಾಗಿಲು ಅರ್ಧ ತೆರೆದಿತ್ತು. ಪೂರ್ತಿ ತೆರೆದ ಬಾಗಿಲಲ್ಲಿ ನುಗ್ಗಿದ್ದು ಅಲ್ಲಿ ಬೆಳೆಯದ, ಅಗೆಯದ ಸರಕು.

ಲೆಕ್ಕಾಚಾರ ಸುಲಭದ್ದೇ. ಆಗ ಕಚ್ಚಾ ತಾಳೆ ಎಣ್ಣೆಯನ್ನು ನೇರವಾಗಿ ಭಾರತಕ್ಕೆ ತರಿಸಿದರೆ ಶೇ 80ರ ಆಸುಪಾಸು ಆಮದು ಸುಂಕ ಕಟ್ಟಬೇಕಿತ್ತು. ಶ್ರೀಲಂಕಾದಲ್ಲಿ ಅದು ತೀರಾ ಕಡಿಮೆ. ಮಲೇಷ್ಯಾ, ಇಂಡೊನೇಷ್ಯಾದ ಎಣ್ಣೆಯನ್ನು ಅಲ್ಲಿ ಇಳಿಸಿ, ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿ, ಡಬ್ಬಿಗೆ ತುಂಬಿ ಇತ್ತ ಕಳಿಸಿದರೆ ಸುಂಕವೇ ಇಲ್ಲ. ತಾಮ್ರದ್ದೂ ಇದೇ ಹಾದಿ: ಬೇರೆಲ್ಲಿಂದಲೋ ಗುಜರಿ ತರಿಸುವುದು, ಕರಗಿಸುವುದು, ಭಾರತಕ್ಕೆ ಸಾಗಿಸುವುದು. ಈ ಸಂದನ್ನು ಮೊದಲು ಕಂಡವರಲ್ಲಿ ಭಾರತದ ಉದ್ಯಮಿಗಳೇ ಇದ್ದರು. ಸಮುದ್ರ ದಾಟಿ ಹೋಗಿ ಅಲ್ಲಿ ಕಾರ್ಖಾನೆ ಹಾಕಿದರು. 2000ದಲ್ಲಿ ಆರು ಕೋಟಿ ಡಾಲರ್‌ನ ಆಸುಪಾಸಿದ್ದ, ಭಾರತಕ್ಕೆ ಶ್ರೀಲಂಕಾದ ರಫ್ತು ಐದೇ ವರ್ಷದಲ್ಲಿ 55 ಕೋಟಿ ಡಾಲರ್ ಮುಟ್ಟಿತು. ಅಂಕಿ ಅಂಶ ನೋಡಿದವರಿಗೆ ಒಪ್ಪಂದ ಭರ್ಜರಿಯಾಗಿ ಗೆದ್ದಂತೆಯೇ ಕಾಣುತ್ತಿತ್ತು.

ಆದರೆ ಇತ್ತ ಭಾರತದ ವನಸ್ಪತಿ ತಯಾರಕರು ಬೊಬ್ಬೆ ಹಾಕಿದರು. ಸರ್ಕಾರ ವರ್ಷಕ್ಕೆ ಎರಡೂವರೆ ಲಕ್ಷ ಟನ್‌ನ ಮಿತಿ ಹಾಕಿತು. 2008ರಲ್ಲಿ ಅಡುಗೆ ಎಣ್ಣೆಯ ಬೆಲೆ ಏರಿದಾಗ ದೆಹಲಿ ಕಚ್ಚಾ ಎಣ್ಣೆಯ ಮೇಲಿನ ಸುಂಕವನ್ನೇ ತೆಗೆದುಹಾಕಿತು. ಸುಂಕದ ಅಂತರ ಹೋದ ಮೇಲೆ ಲಂಕೆಯ ದಾರಿ ಸುತ್ತುವುದಕ್ಕೆ ಅರ್ಥವೇ ಉಳಿಯಲಿಲ್ಲ. ಕಾರ್ಖಾನೆಗಳು ಬಾಗಿಲು ಹಾಕಿದವು, ಕೆಲಸಗಾರರು ಮನೆಗೆ ಹೋದರು. ಸುಂಕದ ಆಸೆಗೆ ಬರುವ ವಿದೇಶಿ ಬಂಡವಾಳದ ಹಣೆಬರಹ ಇದು: ಒಂದು ಬಜೆಟ್ ಭಾಷಣ ಸಾಕು, ಗಂಟುಮೂಟೆ ಕಟ್ಟುತ್ತದೆ. 2003ರಲ್ಲಿ ಶ್ರೀಲಂಕಾದಲ್ಲಿ ಪೆಟ್ರೋಲ್ ಬಂಕ್ ನಡೆಸಲು ಹೋದ ಲಂಕಾ ಐಒಸಿ ಮಾತ್ರ ಇಂದಿಗೂ ಅಲ್ಲಿದೆ. ಅದು ಹೋದದ್ದು ಅಲ್ಲಿನ ಗ್ರಾಹಕರಿಗೆ ಇಂಧನ ಮಾರಲು; ಭಾರತದ ಆಮದು ಸುಂಕ ಏರಿದರೆಷ್ಟು, ಇಳಿದರೆಷ್ಟು.

ಇಂಥ ಸುತ್ತುದಾರಿ ತಡೆಯಲೆಂದೇ ಪ್ರತಿ ಒಪ್ಪಂದದಲ್ಲೂ ‘ಮೂಲದ ನಿಯಮ’ ಇರುತ್ತದೆ. ಭಾರತ–ಲಂಕಾ ಒಪ್ಪಂದದ ಪ್ರಕಾರ ರಫ್ತು ಬೆಲೆಯಲ್ಲಿ ಕನಿಷ್ಠ ಶೇ 35 ಶ್ರೀಲಂಕಾದಲ್ಲೇ ಸೇರಿದ ಮೌಲ್ಯವಾಗಿರಬೇಕು. ನೂರು ರೂಪಾಯಿಯ ಸರಕಿನಲ್ಲಿ ಹೊರದೇಶದ ಕಚ್ಚಾ ಮಾಲು 65 ರೂಪಾಯಿ ಮೀರಬಾರದು. ಮೀರಿದರೆ? ಬಿಲ್ಲಿನಲ್ಲಿ ಕಚ್ಚಾ ಮಾಲಿನ ಬೆಲೆ ತಗ್ಗಿಸಿ, ಸಿದ್ಧ ಸರಕಿನ ಬೆಲೆ ಏರಿಸಿದರಾಯಿತು. ತಾಮ್ರದ ವಿಷಯದಲ್ಲಿ ಎದ್ದ ದೂರು ಇದೇ ಬಗೆಯದು. ಕಸ್ಟಮ್ಸ್ ಅಧಿಕಾರಿಯ ಮೇಜಿಗೆ ಬರುವುದು ಒಂದು ಹಾಳೆ ಪ್ರಮಾಣಪತ್ರ, ಅದರ ಹಿಂದಿನ ಕುಲುಮೆ ಅವನಿಗೆ ಕಾಣುವುದಿಲ್ಲ.

ಕರ್ನಾಟಕಕ್ಕೆ ಈ ಒಪ್ಪಂದದ ಬಿಸಿ ತಟ್ಟಿದ್ದು ಕಾಳುಮೆಣಸಿನಲ್ಲಿ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಕಾಫಿ ಕೈಕೊಟ್ಟ ವರ್ಷ ಬೆಳೆಗಾರನ ಮಾನ ಉಳಿಸುತ್ತದೆ. ಶ್ರೀಲಂಕಾದಲ್ಲಿ ಮೆಣಸು ಬೆಳೆಯುತ್ತದೆ, ಅದರ ಖಾರಕ್ಕೂ ಹೆಸರಿದೆ, ಅದರ ಬಗ್ಗೆ ತಕರಾರಿಲ್ಲ. ತಕರಾರು ವಿಯೆಟ್ನಾಂ ಮೆಣಸಿನದು. ನೇರವಾಗಿ ಬಂದರೆ 2017ರ ಸುಮಾರಿಗೆ ಅದಕ್ಕೆ ಶೇ 50ಕ್ಕಿಂತ ಹೆಚ್ಚು ಸುಂಕವಿತ್ತು. ಶ್ರೀಲಂಕಾದ ಮೆಣಸಾದರೆ ದ್ವಿಪಕ್ಷೀಯ ಒಪ್ಪಂದದಡಿ ವರ್ಷಕ್ಕೆ 2,500 ಟನ್‌ವರೆಗೆ ಸೊನ್ನೆ, ದಕ್ಷಿಣ ಏಷ್ಯಾ ದೇಶಗಳ ಮುಕ್ತ ವ್ಯಾಪಾರ ಒಪ್ಪಂದದಡಿ ಶೇ 8. ವಿಯೆಟ್ನಾಂ ಮಾಲು ಕೊಲಂಬೊದಲ್ಲಿ ಇಳಿದು, ಲಂಕೆಯ ಹೆಸರು ಹೊತ್ತು ಬರುತ್ತಿದೆ ಎಂದು ಬೆಳೆಗಾರರು ದೂರಿದರು. ಒಣಗಿಸಿ, ಜರಡಿ ಹಿಡಿದ ಕರಿಕಾಳನ್ನು ವ್ಯಾಪಾರಿ ಅಳೆಯುವುದು ಲೀಟರ್ ತೂಕದಲ್ಲಿ. ಒಂದು ಲೀಟರ್ ಡಬ್ಬಿಯಲ್ಲಿ ಎಷ್ಟು ಗ್ರಾಂ ನಿಂತಿತು ಎಂಬುದು ಅಲ್ಲಿ ಗೊತ್ತಾಗುತ್ತದೆ, ಯಾವ ಬಳ್ಳಿಯದು ಎಂಬುದು ಗೊತ್ತಾಗುವುದಿಲ್ಲ. 2017ರಲ್ಲಿ ಗೋಣಿಕೊಪ್ಪಲಿನ ಎಪಿಎಂಸಿ ಅಂಗಳಕ್ಕೇ ವಿಯೆಟ್ನಾಂ ಮೆಣಸು ಬಂದಿದೆ ಎಂದು ದೊಡ್ಡ ಗಲಾಟೆಯಾಯಿತು. ಅದೇ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. 2020ರ ಸೆಪ್ಟೆಂಬರ್‌ನಿಂದ, ಸರಕಿನ ಮೂಲದ ವಿವರಗಳನ್ನು ಆಮದುದಾರನೇ ಇಟ್ಟುಕೊಂಡು ಕೇಳಿದಾಗ ಒಪ್ಪಿಸಬೇಕೆಂಬ ನಿಯಮವೂ ಬಂತು.

ಅಗ್ಗದ ಸರಕು ಬಂದರೆ ಕೊಳ್ಳುವವನಿಗೆ ಲಾಭವಲ್ಲವೇ ಎಂದು ಕೇಳಬಹುದು. ಅರ್ಥಶಾಸ್ತ್ರಜ್ಞ ಜೇಕಬ್ ವೈನರ್ 1950ರಲ್ಲೇ ಇದಕ್ಕೆ ಎರಡು ಮುಖ ಗುರುತಿಸಿದ್ದ. ದುಬಾರಿಯಾಗಿ ಮಾಡುತ್ತಿದ್ದುದನ್ನು ಬಿಟ್ಟು, ಅದನ್ನು ಅಗ್ಗವಾಗಿ ಮಾಡುವ ಪಾಲುದಾರ ದೇಶದಿಂದ ಕೊಂಡರೆ ಹೊಸ ವ್ಯಾಪಾರ ಹುಟ್ಟುತ್ತದೆ. ಎಲ್ಲರಿಗಿಂತ ಅಗ್ಗವಾಗಿ ಕೊಡುವವನನ್ನು ಬಿಟ್ಟು, ಸುಂಕ ವಿನಾಯಿತಿ ಇದೆಯೆಂಬ ಒಂದೇ ಕಾರಣಕ್ಕೆ ಪಾಲುದಾರನಿಂದ ಕೊಂಡರೆ ಇರುವ ವ್ಯಾಪಾರ ದಾರಿ ಬದಲಿಸುತ್ತದೆ, ಖಜಾನೆಗೆ ಸುಂಕವೂ ಖೋತಾ. ಲಂಕೆಯ ಡಾಲ್ಡಾ ಎರಡನೆಯ ಜಾತಿಗೆ ಹತ್ತಿರ.

ಸುಂಕ ಇಳಿಸಿದರೆ ಬಂಡವಾಳ ತಾನಾಗಿ ಬರುತ್ತದೆಂದು ಕಾಯುವ ಕಾಲವೂ ಬದಲಾಗುತ್ತಿದೆ. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ಜತೆ ಭಾರತ 2024ರ ಮಾರ್ಚ್‌ನಲ್ಲಿ ಸಹಿ ಮಾಡಿದ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. 15 ವರ್ಷದಲ್ಲಿ 10,000 ಕೋಟಿ ಡಾಲರ್ ಹೂಡಿಕೆ, 10 ಲಕ್ಷ ಉದ್ಯೋಗ ಎಂಬ ಗುರಿಯನ್ನು ಅದರಲ್ಲೇ ಬರೆಯಲಾಗಿದೆ. ಗುರಿ ತಪ್ಪಿದರೆ ಮಾತುಕತೆ, ಹೆಚ್ಚುವರಿ ಕಾಲಾವಕಾಶ. ಆಮೇಲೂ ಆಗದಿದ್ದರೆ ಸುಂಕ ರಿಯಾಯಿತಿ ವಾಪಸು ಪಡೆಯುವ ದಾರಿ ಭಾರತಕ್ಕಿದೆ. ಸಹಿ ಹಾಕಿದ್ದು ಸರ್ಕಾರಗಳು. ಹಣ ಹಾಕಬೇಕಾದವರು ಮಾತ್ರ ಜ್ಯೂರಿಕ್, ಓಸ್ಲೊಗಳ ಖಾಸಗಿ ಕಂಪನಿಗಳು. ಅವು ಜಮೀನು, ಕರೆಂಟು, ಕೋರ್ಟು, ರಸ್ತೆ ಎಲ್ಲವನ್ನೂ ತೂಗಿ ನೋಡಿಯೇ ಬರುತ್ತವೆ.